ಕೊಲಂಬೊ ಬಾಕಿ, ಮಾಲೆ ಬಾಕಿ, ಮುಧೋಳದ ಕಬ್ಬಿನ ಬಿಲ್

ಎರಡು ಸಣ್ಣ ದೇಶಗಳ ಹೆಸರು ಬರೆದು, ಪ್ರತಿಯೊಂದರ ಮುಂದೆ ನಮ್ಮವರು ವಿಮೆ ಮಾಡಿಸಿದ ರಫ್ತು ಉದ್ರಿಯ ಮೊತ್ತ ಬರೆದು, ದೊಡ್ಡ ಮೊತ್ತವಿರುವ ದೇಶ ಅಪಾಯದ್ದು, ಸಣ್ಣ ಮೊತ್ತವಿರುವುದು ಸುರಕ್ಷಿತ ಎಂದು ತೀರ್ಪು ಕೊಡುವ ಚಾಳಿ ನಮ್ಮ ವ್ಯಾಪಾರಿಗಳಲ್ಲೂ ಬ್ಯಾಂಕುಗಳಲ್ಲೂ ಬೇರೂರಿದೆ. ಶ್ರೀಲಂಕಾ ಮತ್ತು ಮಾಲ್ದೀವ್ಸ್ ವಿಷಯದಲ್ಲಿ ಈ ಚಾಳಿ ಮತ್ತಷ್ಟು ಢಾಳಾಗಿ ಕಾಣುತ್ತದೆ. ಒಂದು ದೇಶ ದಿವಾಳಿ ಎದ್ದಿತು, ಆದ್ದರಿಂದ ಅಲ್ಲಿಗೆ ಮಾಲು ಕಳಿಸಬಾರದು. ಇನ್ನೊಂದು ದಿವಾಳಿ ಎದ್ದಿಲ್ಲ, ಆದ್ದರಿಂದ ಕಳಿಸಬಹುದು. ಇಷ್ಟೇ ಲೆಕ್ಕ. ಈ ಲೆಕ್ಕ ತಪ್ಪು. ಅದನ್ನು ಹಾಕಿದವರು ಮುಂಬೈಯಲ್ಲೋ ದೆಹಲಿಯಲ್ಲೋ ಇದ್ದಾರೆ. ದಂಡ ಕಟ್ಟುವವರು ಮಾತ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಇದ್ದಾರೆ.

ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ಈ ನೆಲದಲ್ಲಿ ಸಕ್ಕರೆ ಕಾರ್ಖಾನೆಯ ಚಿಮಣಿ ಕಾಣದ ಊರು ಕಡಿಮೆ. ಸಮೀರವಾಡಿ, ಮುಧೋಳ, ಉತ್ತೂರು, ತಿಮ್ಮಾಪುರ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ ಎಂದು ಎಣಿಸುತ್ತ ಹೋಗಬಹುದು. ಮಹಾಲಿಂಗಪುರದ ಬೆಲ್ಲದ ಪೇಟೆ ಇದೆ. ತೇರದಾಳ ಭಾಗದ ಅರಿಸಿನ ಸಾಂಗಲಿಗೆ ಹೋಗಿ ಅಲ್ಲಿ ದರ ಕಟ್ಟಿಸಿಕೊಳ್ಳುತ್ತದೆ. ರಬಕವಿ-ಬನಹಟ್ಟಿಯ ಮಗ್ಗಗಳ ಸೀರೆ ಗಾಡಿ ಹತ್ತಿ ಹೋಗುತ್ತದೆ. ಇವುಗಳ ಹಿಂದಿರುವ ಯಾರನ್ನಾದರೂ ‘ನೀವು ರಫ್ತುದಾರರೇ?’ ಎಂದು ಕೇಳಿ, ಇಲ್ಲ ಎನ್ನುತ್ತಾರೆ. ಕಾಗದದ ಪ್ರಕಾರ ಅದು ನಿಜ. ಆಮದು-ರಫ್ತು ಕೋಡ್ ನಂಬರು ಮುಂಬೈ ವರ್ತಕನ ಹೆಸರಿನಲ್ಲಿದೆ. ಕಾರ್ಖಾನೆ ತನ್ನ ಗೇಟಿನಲ್ಲೇ ರೂಪಾಯಿ ಲೆಕ್ಕದಲ್ಲಿ ಸಕ್ಕರೆ ಮಾರಿ ಕೈ ತೊಳೆದುಕೊಳ್ಳುತ್ತದೆ. ಹಡಗಿನಲ್ಲಿ ಹೋಗುವ ಚೀಲ ಕೊಲಂಬೊಕ್ಕೆ ಮುಟ್ಟಿದರೇನು, ಮಾಲೆಗೆ ಮುಟ್ಟಿದರೇನು, ನಮಗೆ ಬರಬೇಕಾದದ್ದು ಬಂತು ಎಂಬ ನಿರಾಳ ಭಾವ. ಹಣ ಬರುವವರೆಗೆ ಈ ನಿರಾಳ ಭಾವಕ್ಕೆ ಏನೂ ಆಗುವುದಿಲ್ಲ. ವರ್ತಕನ ಹಣ ಹೊರದೇಶದಲ್ಲಿ ಸಿಕ್ಕಿಬಿದ್ದ ಹಂಗಾಮಿನಲ್ಲಿ ಅವನ ಮುಂದಿನ ಖರೀದಿ ನಿಲ್ಲುತ್ತದೆ, ಕಾರ್ಖಾನೆಯ ಗೋದಾಮು ತುಂಬುತ್ತದೆ, ಕೊನೆಗೆ ತಡವಾಗುವುದು ಕಬ್ಬಿನ ಬಿಲ್. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು. ಆ ಬಡ್ಡಿಯನ್ನು ಕೈಯಾರೆ ಎಣಿಸಿಕೊಂಡ ರೈತನನ್ನು ಯಾರಾದರೂ ತೋರಿಸಿದರೆ ಈ ಪತ್ರಿಕೆ ಅವನ ಫೋಟೊ ಹಾಕಲು ಸಿದ್ಧವಿದೆ.

ಈಗ ಆ ವಿಮೆಯ ಅಂಕಿಯ ವಿಷಯಕ್ಕೆ ಬರೋಣ. ರಫ್ತು ಉದ್ರಿಗೆ ವಿಮೆ ಕೊಡಲೆಂದೇ ಕೇಂದ್ರ ಸರ್ಕಾರ 1957ರ ಜುಲೈನಲ್ಲಿ ಒಂದು ನಿಗಮ ಸ್ಥಾಪಿಸಿತು. ಹೆಸರು ಬದಲಾಗುತ್ತ ಇಂದು ಅದು ಇಸಿಜಿಸಿ. ವಾಣಿಜ್ಯ ಸಚಿವಾಲಯದ ಅಡಿಯಲ್ಲಿದೆ, ಮುಖ್ಯ ಕಚೇರಿ ಮುಂಬೈಯಲ್ಲಿದೆ. 2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ ಐದು ವರ್ಷಗಳಲ್ಲಿ 4,400 ಕೋಟಿ ರೂಪಾಯಿ ಬಂಡವಾಳ ತುಂಬಲು ಒಪ್ಪಿತು. ಅಂದರೆ ಕ್ಲೇಮು ಕೊಡುವ ತಾಕತ್ತಿನ ಹಿಂದೆ ನಿಂತಿರುವುದು ನಮ್ಮ ನಿಮ್ಮ ತೆರಿಗೆ. ಇಸಿಜಿಸಿ ಜಗತ್ತಿನ ದೇಶಗಳನ್ನು ಎ1ರಿಂದ ಡಿವರೆಗೆ ಏಳು ದರ್ಜೆಗಳಲ್ಲಿ ಇಟ್ಟಿದೆ. ಬಹುಪಾಲು ದೇಶಗಳಿಗೆ ಮುಕ್ತ ರಕ್ಷೆ ಉಂಟು. ಕೆಲವಕ್ಕೆ ನಿರ್ಬಂಧಿತ ರಕ್ಷೆ ಮಾತ್ರ, ಅಲ್ಲಿ ಪ್ರತಿ ಖರೀದಿದಾರನಿಗೂ ಬೇರೆಯಾಗಿ ಮಂಜೂರಾತಿ ಪಡೆಯಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷದ ಮಟ್ಟಿಗೆ.

ಈ ಏರ್ಪಾಟನ್ನು ಅರ್ಥ ಮಾಡಿಕೊಂಡವನಿಗೆ ಮೊದಲು ಹೊಳೆಯಬೇಕಾದ ಮಾತು ಇದು: ಒಂದು ದೇಶದ ಮೇಲಿನ ವಿಮೆಯ ಹೊಣೆ ಇಳಿದಿದೆ ಎಂದರೆ ಆ ದೇಶದ ಅಪಾಯ ಇಳಿದಿದೆ ಎಂದಲ್ಲ. ಎಷ್ಟೋ ಸಲ ಅದರ ಅರ್ಥ ತಿರುಗುಮುರುಗು. 2022ರಲ್ಲಿ ಶ್ರೀಲಂಕಾ ಕುಸಿಯುತ್ತಿದ್ದಾಗ ಇಸಿಜಿಸಿ ಅದನ್ನು ಮುಕ್ತ ರಕ್ಷೆಯಿಂದ ನಿರ್ಬಂಧಿತ ರಕ್ಷೆಯ ಪಟ್ಟಿಗೆ ಇಳಿಸಿತು. ವಿಮೆ ಕೊಡುವವನು ಹಿಂದೆ ಸರಿದರೆ ವಿಮೆಯಾದ ಮೊತ್ತ ತಾನಾಗಿ ಕುಗ್ಗುತ್ತದೆ. ಪಟ್ಟಿಯಲ್ಲಿ ಅಂಕಿ ಸಣ್ಣದಾಗುವುದು ಬೆಂಕಿ ದೊಡ್ಡದಾದ ಹೊತ್ತಿಗೇ. ಅದನ್ನು ಸಮಾಧಾನದ ಗುರುತು ಎಂದು ಓದುವವನು ಅಂಕಿ ಓದಿದವನಲ್ಲ.

ಕೊಲಂಬೊದಲ್ಲಿ ಆಗ ನಡೆದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಅಲ್ಲಿನ ಬಹಳಷ್ಟು ಖರೀದಿದಾರರು ಕೈ ಎತ್ತಿರಲಿಲ್ಲ. ವ್ಯಾಪಾರಿಯ ಬಳಿ ಲಂಕಾ ರೂಪಾಯಿ ಇತ್ತು, ಮಾಲಿಗೆ ಗಿರಾಕಿಯೂ ಇದ್ದ. ಇರದಿದ್ದದ್ದು ಅವನ ಬ್ಯಾಂಕಿನಲ್ಲಿ ಡಾಲರ್. ಆಹಾರ ಪದಾರ್ಥ ತುಂಬಿದ ಸಾವಿರಕ್ಕೂ ಹೆಚ್ಚು ಕಂಟೇನರುಗಳು ಕೊಲಂಬೊ ಬಂದರಿನಲ್ಲಿ ಬಿಡುಗಡೆಯಾಗದೆ ನಿಂತವು. 2022ರ ಏಪ್ರಿಲ್ 12ರಂದು ಆ ಸರ್ಕಾರ ವಿದೇಶಿ ಸಾಲದ ಮರುಪಾವತಿ ನಿಲ್ಲಿಸುವುದಾಗಿ ಘೋಷಿಸಿತು. ಮೇ ತಿಂಗಳಲ್ಲಿ ತೆರೆದ ಖಾತೆಯ ಮೇಲಿನ ಆಮದಿಗೆ, ಅಂದರೆ ಮಾಲು ಮೊದಲು ತರಿಸಿ ಹಣ ಆಮೇಲೆ ಕಳಿಸುವ ಪದ್ಧತಿಗೆ, ತಡೆ ಬಿತ್ತು. ಖರೀದಿದಾರ ದಿವಾಳಿಯಾಗುವುದು ವಾಣಿಜ್ಯ ಅಪಾಯ. ಖರೀದಿದಾರ ತನ್ನ ಊರಿನ ಬ್ಯಾಂಕಿಗೆ ಹಣ ಕಟ್ಟಿಯೂ ಅದು ಗಡಿ ದಾಟದಿರುವುದು ರಾಜಕೀಯ ಅಪಾಯ. ವಿಮೆಯ ಪುಸ್ತಕದಲ್ಲಿ ಎರಡೂ ಬೇರೆ. ಸಾಮಾನ್ಯ ಪಾಲಿಸಿ ನಷ್ಟದ ಶೇ. 90ರಷ್ಟು ತುಂಬಿಕೊಡುತ್ತದೆ. ಸಣ್ಣ ರಫ್ತುದಾರರ ಪಾಲಿಸಿಯಲ್ಲಿ ವಾಣಿಜ್ಯ ಅಪಾಯಕ್ಕೆ ಶೇ. 95, ರಾಜಕೀಯ ಅಪಾಯಕ್ಕೆ ಪೂರ್ತಿ ನೂರು. ಈ ವ್ಯತ್ಯಾಸ ತಿಳಿಯದೆ ‘ಲಂಕಾದವರು ಕೊಡಲಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ನಮ್ಮ ಪೇಟೆಗಳ ಅಭ್ಯಾಸ.

ಇನ್ನೊಂದು ಸಂಗತಿಯನ್ನು ಈ ಪೇಟೆಗಳು ನೋಡಲೇ ಇಲ್ಲ. ಶ್ರೀಲಂಕಾದ ಅಪಾಯದ ದೊಡ್ಡ ಪಾಲನ್ನು ಆ ವರ್ಷ ಭಾರತ ಸರ್ಕಾರವೇ ಬೇರೆ ಬೇರೆ ಜೇಬುಗಳಿಗೆ ಹಾಕಿಕೊಂಡಿತು. ಆಹಾರ, ಔಷಧಿಗಾಗಿ ಸ್ಟೇಟ್ ಬ್ಯಾಂಕಿನ ಮೂಲಕ 100 ಕೋಟಿ ಡಾಲರ್ ಸಾಲ, ಇಂಧನಕ್ಕೆ ಎಕ್ಸಿಮ್ ಬ್ಯಾಂಕಿನಿಂದ 50 ಕೋಟಿ ಡಾಲರ್, ಯೂರಿಯಾಕ್ಕೆ 5.5 ಕೋಟಿ ಡಾಲರ್, ರಿಸರ್ವ್ ಬ್ಯಾಂಕಿನ 40 ಕೋಟಿ ಡಾಲರ್ ಕರೆನ್ಸಿ ವಿನಿಮಯ. ಇವೆಲ್ಲದರ ಮೇಲೆ ಏಷ್ಯನ್ ಕ್ಲಿಯರಿಂಗ್ ಯೂನಿಯನ್ ಲೆಕ್ಕದಲ್ಲಿ ಲಂಕಾ ಕಟ್ಟಬೇಕಿದ್ದ ಬಾಕಿಗೂ ವಾಯಿದೆ ಸಿಕ್ಕಿತು. ಎಲ್ಲ ಕೂಡಿ ಸುಮಾರು 400 ಕೋಟಿ ಡಾಲರ್ ನೆರವು. ಸ್ಟೇಟ್ ಬ್ಯಾಂಕಿನ ಸಾಲದಲ್ಲಿ ಹೋದ ಸರಕಿಗೆ ಇಲ್ಲಿನ ಮಾರಾಟಗಾರನಿಗೆ ಹಣ ಇಲ್ಲೇ ಸಿಕ್ಕಿತು, ತೀರಿಸುವ ಹೊಣೆ ಲಂಕಾ ಸರ್ಕಾರದ ಮೇಲೆ ಬಿತ್ತು. ಇಂಥ ಸರಕು ವಿಮೆಯ ಅಂಕಿಯಲ್ಲಿ ಕಾಣಿಸಿಕೊಳ್ಳಬೇಕಾಗಿಯೇ ಇಲ್ಲ. ಆದರೆ ಅಪಾಯ ಎಲ್ಲಿಗೂ ಓಡಿಹೋಗಿರಲಿಲ್ಲ. ಇಸಿಜಿಸಿಯ ಪುಟದಿಂದ ಭಾರತ ಸರ್ಕಾರದ ಇನ್ನೊಂದು ಪುಟಕ್ಕೆ ಸರಿದಿತ್ತು, ಅಷ್ಟೇ.

ಆಮೇಲೆ ಏನಾಯಿತು ಎಂಬುದನ್ನೂ ನಮ್ಮವರು ಗಮನಿಸಿದಂತಿಲ್ಲ. 2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಬಾಂಡ್ ಹೂಡಿಕೆದಾರರ ಜೊತೆಗಿನ ಒಪ್ಪಂದ ಮುಗಿದು, ಫಿಚ್ ಸಂಸ್ಥೆ ಆ ದೇಶವನ್ನು ಸಾಲ ತಪ್ಪಿದವರ ದರ್ಜೆಯಿಂದ ಮೇಲಕ್ಕೆತ್ತಿತು. ದಿವಾಳಿ ಎದ್ದ ದೇಶದ ಲೆಕ್ಕಪತ್ರ ಇಂದು ಜಗತ್ತಿನ ಕಣ್ಣೆದುರು ತೆರೆದಿದೆ. ಎಷ್ಟು ಸಾಲ, ಯಾರಿಗೆ, ಯಾವಾಗ ಎಂಬುದು ಯಾರು ಬೇಕಾದರೂ ಓದಬಹುದಾದ ಕಾಗದದಲ್ಲಿದೆ.

ಮಾಲ್ದೀವ್ಸ್ ದಿವಾಳಿ ಎದ್ದಿಲ್ಲ. ಆದರೆ 2024ರ ಜೂನ್‌ನಿಂದ ಆಗಸ್ಟ್ ನಡುವೆ ಫಿಚ್ ಅದರ ದರ್ಜೆಯನ್ನು ಎರಡು ಸಲ ಇಳಿಸಿ ಸಿಸಿಗೆ ತಂದಿತು. ಆಗಸ್ಟ್ 25ರಂದು ಅಲ್ಲಿನ ರಾಷ್ಟ್ರೀಯ ಬ್ಯಾಂಕು ರುಫಿಯಾ ಖಾತೆಯ ಕಾರ್ಡುಗಳಲ್ಲಿ ವಿದೇಶಿ ಕರೆನ್ಸಿ ವ್ಯವಹಾರ ನಿಲ್ಲಿಸಿ, ಸರ್ಕಾರದ ಒತ್ತಡಕ್ಕೆ ಮಣಿದು ಅದೇ ದಿನ ಆದೇಶ ಹಿಂತೆಗೆದುಕೊಂಡಿತು. ಡಾಲರ್ ಎಷ್ಟು ಬಿಗಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಕ್ಟೋಬರ್‌ನಲ್ಲಿ ಭಾರತ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯಕ್ಕೆ ಸಹಿ ಹಾಕಿತು. ಅದಕ್ಕೂ ಮೊದಲು ಸ್ಟೇಟ್ ಬ್ಯಾಂಕ್ ಅಲ್ಲಿನ ಸರ್ಕಾರದ 5 ಕೋಟಿ ಡಾಲರ್ ಖಜಾನೆ ಬಿಲ್ಲುಗಳನ್ನು ಮತ್ತೆ ಮತ್ತೆ ಮುಂದುವರಿಸಿತ್ತು. ಐದು ಲಕ್ಷ ಚಿಲ್ಲರೆ ಜನಸಂಖ್ಯೆಯ, ಪ್ರವಾಸಿಗರ ಡಾಲರಿನ ಮೇಲೆ ನಿಂತ, ತಿನ್ನುವ ಅಕ್ಕಿ, ಹಿಟ್ಟು, ಸಕ್ಕರೆಗೆಲ್ಲ ಹೊರಗಿನವರನ್ನೇ ನೆಚ್ಚಿಕೊಂಡ ದೇಶ ಅದು. ಅಕ್ಕಿ, ಹಿಟ್ಟು, ಸಕ್ಕರೆಯ ದೊಡ್ಡ ಖರೀದಿದಾರ ಎಂದರೆ ಅಲ್ಲಿನ ಸರ್ಕಾರದ್ದೇ ಆದ ಸ್ಟೇಟ್ ಟ್ರೇಡಿಂಗ್ ಆರ್ಗನೈಸೇಷನ್. ಖರೀದಿದಾರ ಮತ್ತು ಸರ್ಕಾರ ಒಂದೇ ಆದ ಕಡೆ ವಾಣಿಜ್ಯ ಅಪಾಯ, ರಾಜಕೀಯ ಅಪಾಯ ಎಂಬ ಗೆರೆ ಅಳಿಸಿಹೋಗುತ್ತದೆ. ಲಂಕಾದಲ್ಲಿ ನೂರು ಅಂಗಡಿಗಳಿಗೆ ಹಂಚಿಹೋಗುವ ಉದ್ರಿ ಮಾಲೆಯಲ್ಲಿ ಕೆಲವೇ ಹೆಸರುಗಳ ಮೇಲೆ ಕೂರುತ್ತದೆ. ಒಂದು ಹೆಸರು ತಪ್ಪಿದರೆ ಸಾಲುಸಾಲು ತಪ್ಪುತ್ತದೆ.

ನಮ್ಮ ತೀರ್ಪು ಹೀಗಿದೆ. 2021-22ರಲ್ಲಿ ಭಾರತ ಶ್ರೀಲಂಕಾಕ್ಕೆ ಕಳಿಸಿದ ಸರಕು 580 ಕೋಟಿ ಡಾಲರಿನ ಆಸುಪಾಸು, 2023-24ರಲ್ಲಿ 410 ಕೋಟಿ ಡಾಲರಿನ ಆಸುಪಾಸು. ಮಾಲ್ದೀವ್ಸ್‌ಗೆ ಹೋದದ್ದು ಅದೇ ವರ್ಷ ನೂರು ಕೋಟಿ ಡಾಲರಿಗೂ ಕಡಿಮೆ. ಆದ್ದರಿಂದ ಎರಡು ದೇಶಗಳ ವಿಮೆಯ ಹೊಣೆಯನ್ನು ಬರಿಯ ಮೊತ್ತದಲ್ಲಿ ಹೋಲಿಸಿದರೆ ಲಂಕಾ ಯಾವಾಗಲೂ ದೊಡ್ಡ ಅಪಾಯವಾಗಿ ಕಾಣುತ್ತದೆ, ಮಾಲ್ದೀವ್ಸ್ ಸಣ್ಣದಾಗಿ ಕಾಣುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಹೋದ ಸರಕಿನಲ್ಲಿ ನೂರಕ್ಕೆ ಎಷ್ಟು ಪಾಲಿಗೆ ವಿಮೆ ಇದೆ, ಆ ಪಾಲು ಎಷ್ಟು ಖರೀದಿದಾರರ ಮೇಲೆ ಹಂಚಿದೆ, ಎಷ್ಟು ದಿನದ ಉದ್ರಿ, ಎಲ್‌ಸಿ (ಬ್ಯಾಂಕಿನ ಪಾವತಿ ಖಾತ್ರಿ ಪತ್ರ) ಇದೆಯೋ ಇಲ್ಲವೋ, ಹಿಂದೆ ಕೊಟ್ಟ ಕ್ಲೇಮಿನಲ್ಲಿ ಎಷ್ಟು ವಸೂಲಾಯಿತು. ಈ ಅಳತೆಯಲ್ಲಿ ಇಟ್ಟು ನೋಡಿದರೆ, ಬಿದ್ದು ಎದ್ದಿರುವ ಶ್ರೀಲಂಕಾಕ್ಕಿಂತ ಇನ್ನೂ ಬೀಳದೆ ವಾಲಿ ನಿಂತಿರುವ ಮಾಲ್ದೀವ್ಸ್ ಜೊತೆಗಿನ ಉದ್ರಿ ನಮ್ಮ ಭಾಗದ ಸಕ್ಕರೆಗೆ ಹೆಚ್ಚು ಅಪಾಯಕಾರಿ. ಮಾಲ್ದೀವ್ಸ್ ಜೊತೆ ವ್ಯಾಪಾರ ಬೇಡ ಎನ್ನುತ್ತಿಲ್ಲ. ಉದ್ರಿಯ ದಿನ ಕಡಿಮೆ ಇರಲಿ, ಎಲ್‌ಸಿ ಕಡ್ಡಾಯವಿರಲಿ, ವಿಮೆ ಖರೀದಿದಾರನ ಹೆಸರಿಗೇ ಮಂಜೂರಾಗಿರಲಿ ಎನ್ನುತ್ತಿದ್ದೇವೆ.

ಈ ಹೋಲಿಕೆಯನ್ನು ಮತ್ತೊಂದು ಶಕ್ತಿ ಕೆಡಿಸುತ್ತದೆ. ಅದು ದೆಹಲಿಯ ಪರವಾನಗಿ. 2021-22ರ ಹಂಗಾಮಿನಲ್ಲಿ ದೇಶದಿಂದ ಸುಮಾರು 110 ಲಕ್ಷ ಟನ್ ಸಕ್ಕರೆ ಹೊರಹೋಯಿತು. 2022ರ ಜೂನ್ 1ರಿಂದ ರಫ್ತಿಗೆ ನಿರ್ಬಂಧ ಬಂತು, ಮುಂದಿನ ವರ್ಷ ಕೋಟಾ 60 ಲಕ್ಷ ಟನ್ನಿಗೆ ಇಳಿಯಿತು, 2023-24ರಲ್ಲಿ ಬಾಗಿಲೇ ಮುಚ್ಚಿತು. ಆದರೆ ಅದೇ ಹೊತ್ತಿನಲ್ಲಿ, 2024ರ ಏಪ್ರಿಲ್‌ನಲ್ಲಿ, ಮಾಲ್ದೀವ್ಸ್‌ಗೆಂದೇ ಪ್ರತ್ಯೇಕ ಕೋಟಾ ಕೊಡಲಾಯಿತು: ಸಕ್ಕರೆ 64,494 ಟನ್, ಈರುಳ್ಳಿ 35,749 ಟನ್, ಅಕ್ಕಿ 1,24,218 ಟನ್, ಇನ್ನೂ ಹಲವು. ಈರುಳ್ಳಿ ರಫ್ತು ನಿಷೇಧದ ನಡುವೆಯೇ ಶ್ರೀಲಂಕಾಕ್ಕೆ 10,000 ಟನ್ ಈರುಳ್ಳಿಗೆ ಬಾಗಿಲು ತೆರೆಯಿತು. ನೆರೆಹೊರೆಯ ರಾಜತಾಂತ್ರಿಕತೆಗೆ ಇದು ಬೇಕೇನೋ, ಅದರ ಮೇಲೆ ನಮ್ಮ ತಕರಾರಿಲ್ಲ. ಆದರೆ ಜಗತ್ತಿನ ಎಲ್ಲ ಬಾಗಿಲು ಮುಚ್ಚಿ ಒಂದೇ ಕಿಂಡಿ ತೆರೆದಾಗ ವರ್ತಕರು ಆ ಕಿಂಡಿಗೇ ನುಗ್ಗುತ್ತಾರೆ, ಉದ್ರಿಯೂ ವಿಮೆಯ ಹೊಣೆಯೂ ಅಲ್ಲೇ ಗುಡ್ಡೆ ಬೀಳುತ್ತವೆ. ಆ ವರ್ಷದ ಅಂಕಿ ಹೇಳುವುದು ಮಾಲೆಯ ಸಾಲದ ಯೋಗ್ಯತೆಯನ್ನಲ್ಲ, ದೆಹಲಿಯ ಅಧಿಸೂಚನೆಯನ್ನು. ಇಂಥ ಅಂಕಿಯನ್ನು ಲಂಕಾದ ಅಂಕಿಯ ಪಕ್ಕ ಇಟ್ಟು ಎರಡು ದೇಶಗಳ ನಡುವಿನ ವ್ಯತ್ಯಾಸ ಎಂದು ಸಾರುವವರ ವಿದ್ಯೆಗೆ ಏನೆನ್ನಬೇಕು?

ಕೊಲಂಬೊ, ಮಾಲೆ ದೂರದ ಮಾತಾಯಿತು ಎನ್ನುವವರಿಗೆ ಹತ್ತಿರದ ತಪ್ಪು ಒಂದಿದೆ. ಅದು ನಮ್ಮ ಪಟ್ಟಣಗಳ ಬ್ಯಾಂಕ್ ಕೌಂಟರಿನಲ್ಲೇ ದಿನವೂ ನಡೆಯುತ್ತದೆ. ರಫ್ತಿಗೆಂದು ಪ್ಯಾಕಿಂಗ್ ಕ್ರೆಡಿಟ್ ಸಾಲ ತೆಗೆದುಕೊಂಡ ಸಣ್ಣ ವ್ಯಾಪಾರಿಯನ್ನು ವಿಮೆ ಮಾಡಿಸಿದ್ದೀರಾ ಎಂದು ಕೇಳಿದರೆ, ‘ಬ್ಯಾಂಕಿನವ್ರು ಇಸಿಜಿಸಿ ಹಿಡಕೊಂಡಾರ, ಚಿಂತಿ ಇಲ್ಲ’ ಎಂಬ ಉತ್ತರ ಬರುತ್ತದೆ. ಚಿಂತೆ ಇದೆ. ಬ್ಯಾಂಕು ತೆಗೆದುಕೊಳ್ಳುವ ರಕ್ಷೆ ಬ್ಯಾಂಕಿನದು. ಸಾಲ ತೀರದೆ ಹೋದರೆ ಇಸಿಜಿಸಿ ಹಣ ಕೊಡುವುದು ಬ್ಯಾಂಕಿಗೆ. ವ್ಯಾಪಾರಿಯ ಸಾಲ ಅದರಿಂದ ತೀರುವುದಿಲ್ಲ, ಅವನ ಮೇಲಿನ ವಸೂಲಿ ನಡೆದೇ ನಡೆಯುತ್ತದೆ, ಅವನ ಹೆಸರು ಇಸಿಜಿಸಿಯ ವಿಶೇಷ ಅನುಮೋದನೆ ಪಟ್ಟಿಗೆ ಸೇರಿದರೆ ಮುಂದೆ ಸಾಲ ಸಿಗುವುದೂ ಕಷ್ಟ. ತನ್ನ ಮಾಲಿಗೆ, ತನ್ನ ಖರೀದಿದಾರನಿಗೆ ತಾನೇ ಪಾಲಿಸಿ ಮಾಡಿಸದ ಹೊರತು ಅವನ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಈ ಎರಡು ರಕ್ಷೆಗಳ ವ್ಯತ್ಯಾಸವನ್ನು ಅವನಿಗೆ ಕನ್ನಡದಲ್ಲಿ ಹೇಳುವ ಕೆಲಸ ಬ್ಯಾಂಕಿನದು. ಕೆಲವು ಬ್ಯಾಂಕುಗಳು ಆ ರಕ್ಷೆಯ ಪ್ರೀಮಿಯಂ ಅನ್ನು ಗ್ರಾಹಕನ ಖಾತೆಗೇ ಹಾಕುವಾಗಲಂತೂ ಅವನು ತಾನು ವಿಮೆ ಪಡೆದೆ ಎಂದು ನಂಬುವುದರಲ್ಲಿ ಆಶ್ಚರ್ಯವಿಲ್ಲ. ನಂಬಲು ಬಿಟ್ಟವರು ತಪ್ಪಿತಸ್ಥರು.

2022ರಲ್ಲಿ ಇಸಿಜಿಸಿ ಒಂದು ಒಳ್ಳೆಯ ಕೆಲಸ ಮಾಡಿತು. 20 ಕೋಟಿ ರೂಪಾಯಿವರೆಗಿನ ರಫ್ತು ಸಾಲ ಪಡೆಯುವ ಸಣ್ಣವರ ವಿಷಯದಲ್ಲಿ ಬ್ಯಾಂಕುಗಳಿಗೆ ಕೊಡುವ ರಕ್ಷೆಯನ್ನು ಶೇ. 90ಕ್ಕೆ ಏರಿಸಿತು. ಆದರೆ ಅದು ತಯಾರಿಸಿ ತಾವೇ ಕಳಿಸುವವರಿಗೆ. ಕೊಂಡು ಕಳಿಸುವ ವರ್ತಕರು ಅದರ ಹೊರಗೆ. ಮಹಾಲಿಂಗಪುರದ ಬೆಲ್ಲ, ತೇರದಾಳದ ಅರಿಸಿನ, ಬನಹಟ್ಟಿಯ ಸೀರೆ ಹೊರದೇಶಕ್ಕೆ ಹೋಗುವುದು ಬಹುಪಾಲು ಕೊಂಡು ಕಳಿಸುವವರ ಕೈಯಿಂದ. ಒಳ್ಳೆಯ ಯೋಜನೆ ನಮ್ಮ ಹೊಸ್ತಿಲು ತುಳಿಯದೆ ಹೋದದ್ದು ಹೀಗೆ. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ರಫ್ತುದಾರರ ಸಾಲಕ್ಕೆ 20,000 ಕೋಟಿ ರೂಪಾಯಿಯ ಗ್ಯಾರಂಟಿ ಯೋಜನೆ ಒಪ್ಪಿತು. ಆ ಗ್ಯಾರಂಟಿಯೂ ಸಾಲ ಕೊಡುವವರಿಗೇ.

ಪಾಲಿಸಿ ಇದ್ದರೂ ಎಲ್ಲ ನಷ್ಟವೂ ತುಂಬಿಬರುವುದಿಲ್ಲ. ಸರಕಿನ ಗುಣಮಟ್ಟದ ತಕರಾರು, ಸರಕಿನ ಸ್ವಭಾವದಿಂದಲೇ ಆದ ಹಾಳು, ಕರೆನ್ಸಿ ದರದ ಏರಿಳಿತ ಇವು ಹೊರಗೆ. ಬೆಲ್ಲದ ವ್ಯಾಪಾರಿ ಈ ಸಾಲನ್ನು ಎರಡು ಸಲ ಓದಬೇಕು. ಮಳೆಗಾಲದ ತೇವಕ್ಕೆ ಪೆಂಟಿ ಕಂಟೇನರಿನೊಳಗೇ ನೀರೊಡೆದರೆ ಅದು ಸರಕಿನ ಸ್ವಭಾವ, ರಫ್ತು ಉದ್ರಿಯ ವಿಮೆ ಅದಕ್ಕೆ ಓಗೊಡುವುದಿಲ್ಲ. ಖರೀದಿದಾರ ‘ಬಣ್ಣ ಸರಿಯಿಲ್ಲ’ ಎಂದು ತಕರಾರು ತೆಗೆದರೆ ಮೊದಲು ಆ ತಕರಾರು ಬಗೆಹರಿಯಬೇಕು, ಆಮೇಲೆ ಕ್ಲೇಮಿನ ಮಾತು. ಅರಿಸಿನದ ಕಥೆ ಇನ್ನೊಂದು ಬಗೆಯದು. 2019ರ ಡಿಸೆಂಬರ್‌ನಲ್ಲಿ ಶ್ರೀಲಂಕಾ ತನ್ನ ಬೆಳೆಗಾರರನ್ನು ಕಾಯಲು ಅರಿಸಿನದ ಆಮದು ನಿಲ್ಲಿಸಿತು. ಮುಂದಿನ ವರ್ಷಗಳಲ್ಲಿ ತಮಿಳುನಾಡಿನ ರಾಮನಾಥಪುರ ಕರಾವಳಿಯಿಂದ ದೋಣಿಗಳಲ್ಲಿ ಅರಿಸಿನ ಕಳ್ಳಸಾಗಣೆಯಾಗುವ ಮಟ್ಟಕ್ಕೆ ಬೇಡಿಕೆ ಇತ್ತು. ಹಡಗು ಹತ್ತಿದ ಮೇಲೆ ಇಂಥ ತಡೆ ಬಂದರೆ ಅದು ರಾಜಕೀಯ ಅಪಾಯ, ವಿಮೆಗೆ ಒಳಪಡುತ್ತದೆ. ಸರಕು ಸಾಗಣೆಯ ಪಾಲಿಸಿ ಶುರುವಾಗುವುದೇ ಸರಕು ಹಡಗಿಗೆ ಹೋದ ದಿನದಿಂದ. ಸಾಂಗಲಿಯ ಗೋದಾಮಿನಲ್ಲಿ ಲಂಕಾಕ್ಕೆಂದು ಕೊಂಡಿಟ್ಟ ಅರಿಸಿನಕ್ಕೆ, ಅದರಿಂದ ಮರುದಿನ ಕುಸಿಯುವ ತೇರದಾಳದ ರೈತನ ದರಕ್ಕೆ ಆ ಪಾಲಿಸಿಯಲ್ಲಿ ಜಾಗವಿಲ್ಲ. ಸುಂಕದ ಏರಿಕೆಯೂ ಹೀಗೆಯೇ. 2023ರ ನವೆಂಬರ್‌ನಲ್ಲಿ ಶ್ರೀಲಂಕಾ ಸಕ್ಕರೆಯ ಮೇಲಿನ ವಿಶೇಷ ತೆರಿಗೆಯನ್ನು ಕಿಲೋಗೆ 25 ಸೆಂಟ್‌ನಿಂದ ಒಮ್ಮೆಲೇ 50 ಲಂಕಾ ರೂಪಾಯಿಗೆ ಏರಿಸಿತು. ತೆರಿಗೆ ಏರಿತು ಎಂಬ ಕಾರಣಕ್ಕೆ ಯಾವ ಕ್ಲೇಮೂ ಹುಟ್ಟುವುದಿಲ್ಲ. ಖರೀದಿದಾರ ಸರಕು ಬಿಡಿಸಿಕೊಳ್ಳಲು ನಿರಾಕರಿಸಿದರೆ ಮಾತ್ರ ಅದು ವಾಣಿಜ್ಯ ಅಪಾಯದ ಲೆಕ್ಕಕ್ಕೆ ಬರುತ್ತದೆ.

ಶೇ. 90ರ ರಕ್ಷೆ ಇದೆ ಎಂದು ನಿದ್ದೆ ಮಾಡುವವರಿಗೂ ಒಂದು ಲೆಕ್ಕ ಹಾಕಿ ತೋರಿಸಬೇಕು. ಒಂದು ಕೋಟಿ ರೂಪಾಯಿಯ ಸರಕು, 90 ದಿನದ ಉದ್ರಿ ಎಂದಿಟ್ಟುಕೊಳ್ಳಿ. ಬಾಕಿ ಬಿದ್ದ ಮೇಲೆ ಸಾಮಾನ್ಯ ಪಾಲಿಸಿಯಲ್ಲಿ ನಾಲ್ಕು ತಿಂಗಳು ಕಾಯಬೇಕು. ಅಲ್ಲಿಗೆ ಏಳು ತಿಂಗಳು. ಸಾಲದ ಬಡ್ಡಿ ಶೇ. 10 ಎಂದರೂ 5 ಲಕ್ಷ 80 ಸಾವಿರ ರೂಪಾಯಿ ದಾಟಿತು. ಅದರ ಮೇಲೆ ರಕ್ಷೆ ಸಿಗದ 10 ಲಕ್ಷ. ಸಕ್ಕರೆ, ಬೆಲ್ಲದ ವ್ಯಾಪಾರದಲ್ಲಿ ನೂರಕ್ಕೆ ಹದಿನೈದು ಲಾಭ ಇಟ್ಟುಕೊಂಡವರು ಯಾರಿದ್ದಾರೆ? ಖರೀದಿದಾರನಿಗೆ ಮೊದಲೇ ಮಿತಿ ಮಂಜೂರು ಮಾಡಿಸಿರದಿದ್ದರೆ, ಬಾಕಿ ಬಿದ್ದದ್ದನ್ನು ಗಡುವಿನೊಳಗೆ ತಿಳಿಸಿರದಿದ್ದರೆ ಆ 90 ಕೂಡ ಇಲ್ಲ.

ಹಾಗಾದರೆ ಹೊಣೆ ಯಾರದು? ಮೊದಲ ಹೊಣೆ ಕಾರ್ಖಾನೆಗಳ ಆಡಳಿತ ಮಂಡಳಿಗಳದು. ‘ನಾವು ಗೇಟಿನಲ್ಲೇ ಮಾರಿದ್ದೇವೆ, ರಫ್ತು ಮಾಡಿದವರು ಬೇರೆ’ ಎಂಬ ಮಾತನ್ನು ಇನ್ನು ಒಪ್ಪಲಾಗದು. ರಫ್ತು ಕೋಟಾ ಕಾರ್ಖಾನೆಯ ಹೆಸರಿಗೆ ಹಂಚಿಕೆಯಾಗುತ್ತದೆ, ವರ್ತಕನ ಹೆಸರಿಗಲ್ಲ. ಕೋಟಾವನ್ನು ಬೇರೆ ಕಾರ್ಖಾನೆಗೆ ಬಿಟ್ಟುಕೊಟ್ಟು ಅದರ ಬದಲು ದೇಶೀ ಮಾರಾಟದ ಕೋಟಾ ಪಡೆಯುವ ಅವಕಾಶವನ್ನೂ ಹಲವು ಹಂಗಾಮುಗಳಲ್ಲಿ ಕೇಂದ್ರ ಕೊಟ್ಟಿದೆ. ಯಾವ ದಾರಿ ಹಿಡಿದರು, ಯಾವ ದರಕ್ಕೆ, ಯಾರ ಮೂಲಕ, ಯಾವ ದೇಶಕ್ಕೆ ಎಂಬುದನ್ನು ಕಬ್ಬು ಕೊಟ್ಟವನಿಗೆ ಹೇಳಲು ಏನು ಅಡ್ಡಿ? 2025ರ ನವೆಂಬರ್‌ನಲ್ಲಿ ಮುಧೋಳ ಭಾಗದ ದರ ಹೋರಾಟ ಸಮೀರವಾಡಿಯ ಬಳಿ ಕಬ್ಬಿನ ಟ್ರ್ಯಾಕ್ಟರ್‌ಗಳು ಹೊತ್ತಿ ಉರಿಯುವವರೆಗೆ ಹೋಯಿತು. ಬೆಂಕಿ ಹಚ್ಚಿದ್ದನ್ನು ಈ ಪತ್ರಿಕೆ ಖಂಡಿಸುತ್ತದೆ, ಬೆವರಿನ ಬೆಳೆ ಸುಡುವುದು ಹೋರಾಟವಲ್ಲ. ಆದರೆ ಆ ಹೋರಾಟದ ಮಾತುಕತೆಗಳಲ್ಲಿ ಕಾರ್ಖಾನೆಗಳ ಕಡೆಯಿಂದ ಸಕ್ಕರೆಗೆ ದರವಿಲ್ಲ, ರಫ್ತಿಲ್ಲ ಎಂಬ ವಾದ ಕೇಳಿಬಂತು. ರಫ್ತು ಇಲ್ಲದ್ದನ್ನು ರೈತನ ಮುಂದಿಡುವವರು ರಫ್ತು ಇದ್ದ ವರ್ಷಗಳ ಲೆಕ್ಕವನ್ನೂ ಅಷ್ಟೇ ಜೋರಾಗಿ ಮುಂದಿಡಬೇಕು.

ಎರಡನೆಯ ಹೊಣೆ ಜಿಲ್ಲಾಡಳಿತದ್ದು. ಜಿಲ್ಲೆಗಳನ್ನು ರಫ್ತು ಕೇಂದ್ರಗಳನ್ನಾಗಿ ಮಾಡುತ್ತೇವೆ ಎಂಬ ಯೋಜನೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ರಫ್ತು ಉತ್ತೇಜನ ಸಮಿತಿ ಇರಬೇಕು. ಇಂಥ ಸಮಿತಿಗಳ ಚರ್ಚೆ ಯಾವ ಬೆಳೆ, ಯಾವ ಉತ್ಪನ್ನ, ಎಷ್ಟು ತರಬೇತಿ ಎಂಬಲ್ಲೇ ನಿಲ್ಲುತ್ತದೆ. ಯಾವ ದೇಶ, ಎಷ್ಟು ದಿನದ ಉದ್ರಿ, ಯಾರ ವಿಮೆ ಎಂಬ ಮಾತು ಬರುವುದಿಲ್ಲ. ವಿಮೆಯ ಕಚೇರಿ ಬೆಂಗಳೂರಿನಲ್ಲಿದೆ. ಊರಿನ ಸಹಕಾರಿ ಬ್ಯಾಂಕುಗಳಲ್ಲಿ ವಿದೇಶಿ ವಿನಿಮಯದ ಕೌಂಟರ್ ಸಾಮಾನ್ಯವಾಗಿ ಇರುವುದಿಲ್ಲ. ನಡುವಿನ ಈ ದೂರವನ್ನು ಮುಚ್ಚುವುದು ಸಮಿತಿಯ ಕೆಲಸವಲ್ಲದೆ ಮತ್ತಾರದು?

ಈ ನೆಲಕ್ಕೆ ಪಾಲುಗೂಡಿ ಅಪಾಯ ಹೊರುವುದು ಹೊಸದೇನಲ್ಲ. 1989ರಲ್ಲಿ ಸರ್ಕಾರಕ್ಕೆ ಕಾದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಜಮಖಂಡಿ ಭಾಗದ ರೈತರು ತಮ್ಮತಮ್ಮ ಪಾಲಿನ ವಂತಿಗೆ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರು. ಎಲ್ಲರ ಕಣ್ಣೆದುರೇ ಆ ಬ್ಯಾರೇಜು ನಿಂತಿತು. ಅದೇ ನೀರಿನಿಂದ ಬೆಳೆದ ಕಬ್ಬಿನ ಸಕ್ಕರೆ ಯಾರ ಉದ್ರಿಯ ಮೇಲೆ ಸಮುದ್ರ ದಾಟುತ್ತದೆ ಎಂಬ ಲೆಕ್ಕ ಮಾತ್ರ ಮುಚ್ಚಿದ ಕೋಣೆಯಲ್ಲಿದೆ.

2025-26ರ ಹಂಗಾಮಿಗೆ ಕೇಂದ್ರ 15 ಲಕ್ಷ ಟನ್ ಸಕ್ಕರೆ ರಫ್ತಿಗೆ ಒಪ್ಪಿಗೆ ಕೊಟ್ಟಿದೆ. ನಾಲ್ಕು ತಾಲ್ಲೂಕುಗಳ ಪ್ರತಿ ಕಾರ್ಖಾನೆಯೂ ತನ್ನ ಪಾಲಿನ ಕೋಟಾ ಎಷ್ಟು, ತಾನೇ ಕಳಿಸಿತೋ ಬಿಟ್ಟುಕೊಟ್ಟಿತೋ, ಕಳಿಸಿದ್ದರೆ ಯಾವ ದೇಶಕ್ಕೆ, ಮುಂಗಡ ಹಣದ ಮೇಲೋ ಎಲ್‌ಸಿ ಮೇಲೋ ಉದ್ರಿ ಮೇಲೋ, ಉದ್ರಿಯಾದರೆ ಪಾಲಿಸಿ ಯಾರ ಹೆಸರಿನಲ್ಲಿ, ಹಣ ಬಂದ ದಿನ ಯಾವುದು ಎಂಬ ಒಂದು ಪುಟವನ್ನು ಕನ್ನಡದಲ್ಲಿ ಬರೆದು ಗೇಟಿಗೆ ಅಂಟಿಸಬೇಕು. ಜಿಲ್ಲಾಧಿಕಾರಿ ಅದನ್ನು ರಫ್ತು ಸಮಿತಿಯ ಸಭೆಗೆ ತರಿಸಿಕೊಂಡು, ಕೊಡದ ಕಾರ್ಖಾನೆಯ ಹೆಸರನ್ನು ಸಕ್ಕರೆ ಆಯುಕ್ತರಿಗೆ ಬರೆಯಬೇಕು. ರಫ್ತು ಸಾಲ ಕೊಡುವ ಬ್ಯಾಂಕು ತಾನು ಪಡೆದ ರಕ್ಷೆ ಸಾಲಗಾರನದಲ್ಲ ಎಂಬ ಒಂದು ಸಾಲನ್ನು ಮಂಜೂರಾತಿ ಪತ್ರದ ಮೊದಲ ಪುಟದಲ್ಲೇ ಅಚ್ಚು ಹಾಕಿಸಬೇಕು, ಅದೂ ಈ ಹಂಗಾಮು ಮುಗಿಯುವುದರೊಳಗೆ.